ಲಾಭ, ಎರಡು, ಮೂರು

ಹೊನ್ನಾವರದ ನಮ್ಮ ಹೈಸ್ಕೂಲಿನಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಚಪ್ಪಲಿ ಹೊರಗೆ ಬಿಟ್ಟು ಅದರ ಮುಂದೆ ಕೂರುವ ಸರದಿ ವಾರಕ್ಕೊಮ್ಮೆ. ಪ್ರೋಗ್ರಾಮ್ ಮುಗಿದ ಮೇಲೆ ‘ನಾನು ಕಲಿತದ್ದು’ ಅಂತ ಒಂದು ಪುಟ ಬರೆಯಬೇಕು. ಸುಳ್ಳು ಬರೆದವರಿಗೆ ಮುಂದಿನ ವಾರ ಸರದಿ ಇಲ್ಲ ಎಂಬುದು ಕಂಪ್ಯೂಟರ್ ಕಲಿಸುವ ಅಕ್ಕೋರ ಕಾಯ್ದೆ.

ನಾನು ಜಾಣ. ಪ್ರೋಗ್ರಾಮ್ ಓಡಿಸುವ ಮೊದಲೇ ‘ನಾನು ತಾಳ್ಮೆ ಕಲಿತೆ’ ಎಂದು ಬರೆದಿಟ್ಟಿದ್ದೆ.

ನನ್ನದು ಹತ್ತು ಸೇರು ಅಕ್ಕಿ ಎಣಿಸುವ ಪ್ರೋಗ್ರಾಮ್. ಓಡಿಸಿದರೆ ಪರದೆಯ ಮೇಲೆ ಎರಡರಿಂದ ಹತ್ತರವರೆಗೆ ಮಾತ್ರ ಅಂಕಿ ಬಂತು.

“ಒಂದು ಎಲ್ಲಿ ಹೋತೋ?” ಎಂದರು ಅಕ್ಕೋರು.

“ಇಲಿ ತಿಂತು ಕಾಣ್ತದೆ, ಅಕ್ಕೋರೆ.”

ಕ್ಲಾಸೆಲ್ಲ ನಕ್ಕಿತು. ಅಕ್ಕೋರು ನಗದೆ ನನ್ನ ಪುಟ ಓದಿದರು. “ತಾಳ್ಮೆ ಕಲಿತದ್ದು ನಾನು ಮಾರಾಯಾ, ನೀನಲ್ಲ. ಎಂತ ತಪ್ಪಾತು ಅಂತ ಖರೇ ಬರಿ. ಇಲ್ದಿದ್ರೆ ಸರದಿ ಕಟ್.”

ಸರದಿ ಕಟ್ ಅಂದಕೂಡಲೇ ತಲೆ ಓಡಿತು. ಅಕ್ಕಿ ಅಳೆಯುವಾಗ ನಮ್ಮಮ್ಮ ಮೊದಲ ಸೇರಿಗೆ ‘ಒಂದು’ ಅನ್ನುವುದೇ ಇಲ್ಲ. ಒಳ್ಳೆಯದಾಗಲಿ ಅಂತ ‘ಲಾಭ’ ಅನ್ನುತ್ತಾಳೆ, ಆಮೇಲೆ ‘ಎರಡು, ಮೂರು’. ಲಾಭ ಅಂಕಿಯಲ್ಲವಲ್ಲ ಅಂತ ನಾನು ಎರಡರಿಂದಲೇ ಶುರು ಮಾಡಿಬಿಟ್ಟಿದ್ದೆ. ಅದನ್ನೇ ಬರೆದುಕೊಟ್ಟೆ.

ಓದುತ್ತಾ ಅಕ್ಕೋರು ನಕ್ಕುಬಿಟ್ಟರು. “ಆತು, ಸರದಿ ನಿಂದೇ. ಆದ್ರೆ ಇಲಿ ಅಂದದ್ದಕ್ಕೆ ಹತ್ತು ಬಸ್ಕಿ ಹೊಡಿ.”

ನಾನು ನೆಟ್ಟಗೆ ನಿಂತೇ “ಲಾಭ” ಎಂದು ಕೂಗಿ, ಎರಡರಿಂದ ಬಸ್ಕಿ ಶುರು ಮಾಡಿದೆ. ಒಂಬತ್ತು ಹೊಡೆದು ಹತ್ತು ಅಂದೆ.

ಕಂಪ್ಯೂಟರ್ ಆಗಿದ್ದರೆ ಸುಮ್ಮನಿರುತ್ತಿತ್ತು. ಅಕ್ಕೋರು ಲಾಭವನ್ನೂ ಹೊಡೆಸಿದರು.