ಪಕ್ಕಕ್ಕೆ ತಿರುಗಿದ ನದಿ

ನದಿದಂಡೆಯ ಜಲ್ಲಿ ಗಣಿಯಲ್ಲಿ ಪಂಪು ನಡೆಸುತ್ತಿದ್ದವಳನ್ನು ಎಲ್ಲರೂ ಪಂಪಕ್ಕ ಎಂದೇ ಕರೆಯುತ್ತಿದ್ದರು. ಜಲ್ಲಿ ತೆಗೆದು ತೆಗೆದು ಹೊಂಡ ನದಿಯ ತಳಕ್ಕಿಂತಲೂ ಆಳಕ್ಕಿಳಿದಿತ್ತು. ಎರಡರ ನಡುವೆ ಇದ್ದದ್ದು ಒಂದು ಮಣ್ಣಿನ ಏರಿ, ಅಷ್ಟೇ. ಅದರಡಿಯಿಂದ ಜಿನುಗುವ ನೀರನ್ನು ಮೇಲೆತ್ತಿ, ಕೆಸರು ತಂಗುವ ಕೊಳಕ್ಕೆ ಬಿಟ್ಟು, ತಿಳಿಯಾದ ಮೇಲೆ ನದಿಗೆ ಹರಿಸುವುದು ಅವಳ ಕೆಲಸ.

"ನದಿ ನೀರು ತಗೊಂಡು ನದಿಗೇ ಕೊಡೋದು, ಇದಕ್ಕೂ ಒಂದು ಸಂಬಳ!" ಎಂದು ಗಂಡ ಛೇಡಿಸುತ್ತಿದ್ದ. ಕೆಳಗಿನ ಊರಿನಲ್ಲಿದ್ದ ಅತ್ತೆಯಂತೂ ಬಿಂದಿಗೆಯ ನೀರು ಸ್ವಲ್ಪ ಕದಡಿದರೂ ಸೊಸೆಯನ್ನೇ ಕೇಳುತ್ತಿದ್ದಳು.

ಆ ದಿನ ಗಣಿಯ ಮೇಲೆ ಒಳ್ಳೆ ಬಿಸಿಲು. ಮಳೆಯೆಲ್ಲ ದೂರದ ಬೆಟ್ಟಗಳಲ್ಲಿ ಸುರಿದು, ನದಿ ಏರಿಯ ಅಂಚಿನವರೆಗೆ ಉಬ್ಬಿತ್ತು. ಊಟದ ಡಬ್ಬಿ ಬಿಚ್ಚುತ್ತಿದ್ದ ಪಂಪಕ್ಕ ಹೊಂಡದತ್ತ ನೋಡಿದಳು. ಯಾವಾಗಲೂ ತಿಳಿಯಾಗಿ ಜಿನುಗುತ್ತಿದ್ದ ನೀರು ಕೆಂಪಗೆ ಬುಗುಬುಗು ಉಕ್ಕುತ್ತಿತ್ತು. ಏರಿಯೇ ಒಳಗಿನಿಂದ ಕರಗುತ್ತಿದೆ! ಅವಳು ಓಡಿಹೋಗಿ ಸೈರನ್ ಒತ್ತಿದಳು.

ಹೊಂಡದೊಳಗಿದ್ದ ಕೆಲಸಗಾರರೆಲ್ಲ ಏದುಸಿರು ಬಿಡುತ್ತ ಮೇಲೆ ಬಂದರು. ಅಗೆಯುವ ಯಂತ್ರದ ಡ್ರೈವರ್ ಮಾತ್ರ ಅದನ್ನು ಮೇಲಕ್ಕೆ ತರಲು ಒದ್ದಾಡುತ್ತಿದ್ದ.

"ಬಿಟ್ಟು ಬಾರೋ!" ಎಂದು ಪಂಪಕ್ಕ ಕೂಗಿದಳು.

"ಹೊಸ ಗಾಡಿ ಅಕ್ಕಾ!"

"ಗಾಡಿ ಇನ್ನೊಂದು ಬರುತ್ತೆ. ನೀನು ಬರ್ತೀಯಾ?"

ಅವನು ಜಿಗಿದು ಓಡಿಬಂದ. ದಿಬ್ಬ ಹತ್ತಿದ್ದೇ ತಡ, ಏರಿ ಕುಸಿಯಿತು.

ಇಡೀ ನದಿ ಪಕ್ಕಕ್ಕೆ ತಿರುಗಿ ಹೊಂಡಕ್ಕೆ ಧುಮುಕಿತು. ಯಂತ್ರ ಬೆಂಕಿಪೊಟ್ಟಣದಂತೆ ಉರುಳಿ ಮಾಯವಾಯಿತು. ಕಾಲಡಿಯ ನೆಲ ಗುಡುಗುತ್ತಿತ್ತು. ಜಲಪಾತವೊಂದು ಹುಟ್ಟಿ, ನದಿಯ ತಳವನ್ನೇ ಕೊರೆಯುತ್ತ, ನೀರು ಬರುವ ದಿಕ್ಕಿಗೇ ಹಿಂದಹಿಂದಕ್ಕೆ ನಡೆದುಹೋಯಿತು. ಪಂಪಕ್ಕನಿಗೆ ಹೆದರಿಕೆಯೇ ಮರೆತುಹೋಯಿತು. ಅವಳು ಬಾಯಿ ತೆರೆದು ನಿಂತೇ ಇದ್ದಳು.

ಅಷ್ಟರಲ್ಲಿ ಅತ್ತೆಯ ಫೋನು. "ಏನೇ ಇದು, ಇಲ್ಲಿ ನದಿನೇ ಇಲ್ಲ! ಮೀನು ಕಲ್ಲಿನ ಮೇಲೆ ಕುಣೀತಿವೆ, ಜನ ಹಿಡಿಯೋಕೆ ಇಳೀತಿದ್ದಾರೆ."

"ಹತ್ತಿಸಿ ಅತ್ತೆ, ಎಲ್ಲರನ್ನೂ ದಡ ಹತ್ತಿಸಿ! ನದಿ ಇಲ್ಲಿ ಹೊಂಡ ತುಂಬಿಸ್ತಿದೆ. ತುಂಬಿದ ತಕ್ಷಣ ಬಂದುಬಿಡುತ್ತೆ."

ಅತ್ತೆಯ ಗಂಟಲು ಬೀದಿಗೆಲ್ಲ ಪರಿಚಿತ. ಬೈದು, ಕೈಹಿಡಿದೆಳೆದು, ಎಲ್ಲರನ್ನೂ ಮೇಲಕ್ಕೆ ಅಟ್ಟಿದಳು. ಸಂಜೆಗೆ ನೀರು ಬಂತು. ಕೆಳಬೀದಿಯ ಹೊಸಿಲು ದಾಟಿತು. ಆದರೆ ಯಾರ ಜೀವವೂ ಹೋಗಲಿಲ್ಲ.

ಜಲಪಾತದ ಕೊರೆತಕ್ಕೆ ನದಿಯ ಮೇಲ್ಭಾಗದ ಸೇತುವೆಯ ಕಂಬಗಳ ಬುಡ ಬಯಲಾಗಿ, ಸಂಚಾರ ನಿಂತಿತು. ಊರಿನ ಬಾವಿಗಳು ತಿಂಗಳುಗಟ್ಟಲೆ ಕದಡಿದ್ದವು. ಗಣಿ ಮತ್ತೆ ತೆರೆಯಲೇ ಇಲ್ಲ. ಪಂಪಕ್ಕ ಈಗ ನೀರು ಸರಬರಾಜಿನವರ ಕೆಲಸದಲ್ಲಿದ್ದಾಳೆ. ದೋಣಿಯಲ್ಲಿ ಹೋಗಿ, ಪರೀಕ್ಷೆಗೆಂದು ಸೀಸೆಗಳಲ್ಲಿ ನದಿ ನೀರು ತುಂಬಿ ತರುತ್ತಾಳೆ.

"ಆ ಹೊತ್ತು ನೋಡೋಕೆ ಹೇಗಿತ್ತೇ?" ಎಂದು ಅತ್ತೆ ಈಗಲೂ ಕೇಳುತ್ತಾಳೆ.

ಪಂಪಕ್ಕ ತೋಳು ಚಾಚಿ, ನಿಮಿರಿ ನಿಂತ ಕೂದಲನ್ನು ತೋರಿಸುತ್ತಾಳೆ.