ಪಶ್ಚಿಮಕ್ಕೆ ಹೊರಟ ನೀರು

ಪಾಠ ಹೇಳುವಾಗ ನಮ್ಮ ಭೂಗೋಳದ ಮಾಸ್ತರರ ಹಣೆಯ ನರ ಹಗ್ಗದಂತೆ ಉಬ್ಬುತ್ತಿತ್ತು. ಸಾಲೋಟಗಿಯಿಂದ ಇಂಡಿಯ ನಮ್ಮ ಹೈಸ್ಕೂಲಿಗೆ ಸೈಕಲ್ ತುಳಿದು ಬರುತ್ತಿದ್ದರು. ಉತ್ತರ ಬಾರದಿದ್ದರೆ ಬೈಯುತ್ತಿರಲಿಲ್ಲ. ಊಹೆ ಮಾಡಿ ಹೇಳಿದರೆ ಮಾತ್ರ, ‘ತಿಳೀಲಾರದ್ದನ್ನ ತಿಳದಂಗ ಹೇಳಬ್ಯಾಡ್ರಿ’ ಎಂದು ಸಿಡುಕುತ್ತಿದ್ದರು.

ತೊಂಬತ್ತರ ದಶಕದ ಕೊನೆ. ನಾನಾಗ ಕಾಲೇಜಿನಲ್ಲಿದ್ದೆ. ಅಣ್ಣ ಸರಕಿನ ಹಡಗಿನಲ್ಲಿ ಫಿಟ್ಟರ್ ಆಗಿದ್ದ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಒಂದು ದಿನ ಮುಂಬೈಯ ಹಡಗಿನ ಕಂಪನಿಯಿಂದ ಫೋನು ಬಂತು: ಹಿಂದೂ ಮಹಾಸಾಗರದಲ್ಲಿ, ಸಮಭಾಜಕ ವೃತ್ತದ ಆಚೆ, ಹಡಗಿನ ಎಂಜಿನ್ ಕೆಟ್ಟಿದೆ, ವೈರ್‌ಲೆಸ್ ಕೂಡ ನಿಂತಿದೆ. ಆಮೇಲೆ ಸುದ್ದಿಯೇ ಇಲ್ಲ. ವಾರಗಳು ಕಳೆದವು. ಅವ್ವ ಊಟ ಬಿಟ್ಟಳು. ಫೋನು ರಿಂಗಾದರೆ ಎತ್ತಲು ಯಾರಿಗೂ ಧೈರ್ಯವಿರಲಿಲ್ಲ.

ಒಂದು ಮುಂಜಾನೆ ತಾಂಬಾದಿಂದ ದೊಡ್ಡಪ್ಪ ಹಿರಿಯರನ್ನು ಕರೆದುಕೊಂಡು ಬಂದ. ‘ಹಡಗ ಮುಳಗೇತಿ. ಕ್ರಿಯಾಕರ್ಮ ಮುಗಿಸೂಣು. ಆಕಿ ಕೈಯಾಗಿನ ಬಳಿ ತಗಸ್ರಿ’ ಎಂದ. ಅಣ್ಣನ ಹೆಂಡತಿ, ನನ್ನ ವೈನಿ, ಎರಡೂ ಕೈ ಸೆರಗಿನೊಳಗೆ ಹುದುಗಿಸಿಕೊಂಡು ಗೋಡೆಗೆ ಅಂಟಿ ನಿಂತಳು. ನಾನು ಮಾಸ್ತರರನ್ನು ಕರೆಯಲು ಶಾಲೆಗೆ ಓಡಿದೆ.

ಮಾಸ್ತರರು ಬಂದವರೇ ಹಿರಿಯರತ್ತ ನೋಡಲಿಲ್ಲ. ‘ತಂಗೀ, ಪರಾತದಾಗ ನೀರು ತಾ’ ಎಂದು ವೈನಿಗೆ ಹೇಳಿದರು. ಆ ಅಗಲ ತಾಟಿನ ನೀರಿನ ಮೇಲೆ ಜೋಳದ ಹೊಟ್ಟು ಉದುರಿಸಿ, ಬಗ್ಗಿ ಒಂದೇ ಸಮನೆ ಊದಿದರು. ಹೊಟ್ಟು ಎದುರಿನ ಅಂಚಿಗೆ ಸರಿಯಿತು.

‘ಅಲ್ಲಿ ಗಾಳಿ ಹಿಂಗ ಬೀಸತೈತಿ. ಬೆಚ್ಚನ್ನ ನೀರು ಪಶ್ಚಿಮಕ್ಕ ಹೊಂಟಿರತೈತಿ. ಎಂಜಿನ್ ಕೆಟ್ಟ ಹಡಗ ಮುಳಗೇ ಬೇಕಂತಿಲ್ಲ, ಆ ನೀರಿನ ಕೂಡ ಹೋಗತೈತಿ. ಆಫ್ರಿಕಾದ ಕಡಿ ಬ್ಯಾರೆ ಹಡಗ ಓಡಾಡತಾವು. ಯಾರರ ನೋಡಬಹುದು.’

‘ಬದುಕ್ಯಾನಂತ ಬರದ ಕೊಡ್ತೀರೇನ್ರಿ ಮಾಸ್ತರ?’ ದೊಡ್ಡಪ್ಪ ಗುಡುಗಿದ.

‘ಇಲ್ರಿ. ಬದುಕ್ಯಾನಂತ ಹೇಳಾಕ ನನಗ ಬರೂದಿಲ್ಲ. ಸತ್ತಾನಂತ ಹೇಳಾಕ ನಿಮಗೂ ಬರೂದಿಲ್ಲ.’

ಅವ್ವ ಎದ್ದು ಬಂದು ವೈನಿಯ ಮುಂದೆ ನಿಂತಳು. ‘ಬಳಿಗೆ ಯಾರೂ ಕೈ ಹಚ್ಚಬ್ಯಾಡ್ರಿ’ ಎಂದಳು.

ದೊಡ್ಡಪ್ಪ ನೀರೂ ಕುಡಿಯದೆ ಹೋದ. ಅಂದಿನಿಂದ ಮಾಸ್ತರರು ದಿನವೂ ಸಂಜೆ ಬಂದು ನಮ್ಮ ಕಟ್ಟೆಯ ಮೇಲೆ ಕೂಡುತ್ತಿದ್ದರು. ಧೈರ್ಯದ ಮಾತು ಹೇಳುತ್ತಿರಲಿಲ್ಲ. ಅವರೂ ಹೆದರಿದ್ದಾರೆ ಎಂಬುದು, ಕೊಟ್ಟ ಚಹಾ ಕುಡಿಯದೆ ಆರಲು ಬಿಡುತ್ತಿದ್ದುದರಿಂದಲೇ ನನಗೆ ತಿಳಿಯುತ್ತಿತ್ತು.

ಮುಂಗಾರು ಹಿಡಿಯುವ ಹೊತ್ತಿಗೆ ಸುದ್ದಿ ಬಂತು. ಮಡಗಾಸ್ಕರ್ ಸಮೀಪ ಬೇರೊಂದು ಹಡಗು ಅವರನ್ನು ಕಂಡು ಎಳೆದು ತಂದಿತ್ತು. ಗುರುತು ಸಿಗದಷ್ಟು ಸೊರಗಿ ಮನೆಗೆ ಬಂದ ಅಣ್ಣನ ಭುಜ ಹಿಡಿದು, ಮಾಸ್ತರರು ಎಲ್ಲರೆದುರು ಅತ್ತುಬಿಟ್ಟರು.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡರು. ಸಾಲೋಟಗಿಯಲ್ಲಿ ಚಟ್ಟಕ್ಕೆ ಹೆಗಲು ಕೊಟ್ಟ ಅಣ್ಣ, ದಾರಿಯುದ್ದಕ್ಕೂ ಎಷ್ಟು ಜನ ಕೇಳಿದರೂ ಜಾಗ ಬಿಟ್ಟುಕೊಡಲಿಲ್ಲ.