ಗಡಿಗೆಪ್ಪ ಉಸ್ತಾದರ ಕಿವಿ

ರಾಯಚೂರಿನ ಮಾನ್ವಿ ರಸ್ತೆಯಲ್ಲಿ ನನ್ನದೊಂದು ಲಾರಿ ಸ್ಪೇರ್ ಪಾರ್ಟ್ಸ್ ಅಂಗಡಿ. ಅಪ್ಪ ಹಾಕಿದ್ದು, ಅವರು ಹೋದ ಮೇಲೆ ಹದಿನಾರು ವರ್ಷದಿಂದ ನಾನೇ ನಡೆಸುತ್ತಿದ್ದೇನೆ. ಹೆಂಗಸೊಬ್ಬಳು ಬೇರಿಂಗಿನ ನಂಬರು ಬಾಯಲ್ಲೇ ಹೇಳಿದರೆ ಕೆಲವರಿಗೆ ಇವತ್ತಿಗೂ ನಂಬಿಕೆ ಬರುವುದಿಲ್ಲ. ಒಳಗೆ ಇಣುಕಿ, ಗಂಡಸರು ಯಾರೂ ಇಲ್ಲವೇ ಎಂದು ಕೇಳುತ್ತಾರೆ. ಅಂಥವರನ್ನು ಬಂದ ದಾರಿಗೇ ಕಳಿಸುತ್ತೇನೆ. ನನ್ನ ಸಿಟ್ಟಿನ ವಿಷಯ ಈ ರಸ್ತೆಯಲ್ಲಿ ಎಲ್ಲರಿಗೂ ಗೊತ್ತು.

ನನ್ನ ಅಂಗಡಿಗೆ ಹತ್ತಿಕೊಂಡೇ ಇರುವ ತಗಡಿನ ಶೆಡ್ಡು ಗಡಿಗೆಪ್ಪ ಕಾಕಾನದು. ಮೆಕ್ಯಾನಿಕ್ಕುಗಳು ಬೇಕಾದಷ್ಟು ಜನ ಇದ್ದಾರೆ, ಆದರೆ ಉಸ್ತಾದ ಎಂದರೆ ಈ ರಸ್ತೆಯಲ್ಲಿ ಅವನೊಬ್ಬನೇ. ಅವನ ಹತ್ತಿರ ದೊಡ್ಡ ಯಂತ್ರಗಳೇನೂ ಇಲ್ಲ. ಮೊಳದುದ್ದದ ಒಂದು ಕಬ್ಬಿಣದ ಸರಳು, ಅದರ ತುದಿಗೆ ಮರದ ಹಿಡಿ. ಸರಳಿನ ಮೊನೆಯನ್ನು ಚಾಲೂ ಇರುವ ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದ. ಆಮೇಲೆ ಮೂರನೇ ಇಂಜೆಕ್ಟರು ಹೋಗಿದೆ ಎಂದರೆ ಮೂರನೆಯದೇ ಹೋಗಿರುತ್ತಿತ್ತು. ಇಂಥ ಕಿವಿ ರಾಯಚೂರು ಜಿಲ್ಲೆಯಲ್ಲೇ ಇಲ್ಲ ಎಂದು ದೇವದುರ್ಗ, ಮಾನ್ವಿ ಕಡೆಯ ಡ್ರೈವರುಗಳು ಹೇಳಿಕೊಂಡು ತಿರುಗುತ್ತಿದ್ದರು. ಅದನ್ನು ಕೇಳಿ ಕಾಕಾ ಮೀಸೆಯೊಳಗೇ ನಗುತ್ತಿದ್ದ.

ಅವನ ಜೊತೆಗೆ ಮೂವತ್ತು ವರ್ಷ ಕೆಲಸ ಮಾಡಿದವನು ಮಾನ್ವಿಯ ಮುದುಕಪ್ಪ. ಇಬ್ಬರೂ ಒಂದೇ ವಾರಿಗೆಯವರು. ಮುದುಕಪ್ಪ ಕೂಲಿ ಮಾಡಲು ಬಂದು, ನಟ್ಟು ಬಿಚ್ಚುವುದು ಕಲಿತು, ಅಲ್ಲೇ ಉಳಿದವನು. ಶನಿವಾರ ಸಂಜೆ ಮಾನ್ವಿಯ ಬಸ್ಸು ಹತ್ತಿದರೆ ಸೋಮವಾರ ಬೆಳಿಗ್ಗೆ ಹಾಜರು. ಅವನದೊಂದು ಪದ್ಧತಿ ಇತ್ತು. ದೇವಸುಗೂರಿನ ಸೂಗೂರೇಶ್ವರನ ವಿಭೂತಿ ಗಟ್ಟಿಯನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿರುತ್ತಿದ್ದ. ಯಾವುದೇ ಗಾಡಿ ಬಂದರೂ ಬಾನೆಟ್ಟು ಎತ್ತಿ, ಇಂಜಿನ್ನು ಚಾಲೂ ಮಾಡಿಸಿ, ಸುತ್ತ ಒಂದು ಸಲ ಕಣ್ಣಾಡಿಸಿ ಎಲ್ಲಾದರೂ ಒಂದು ಕಡೆ ಮೂರು ಬೆರಳು ಎಳೆಯುತ್ತಿದ್ದ. ದೇವರ ಹೆಸರು ಹಚ್ಚಿದ ಜಾಗವೆಂದು ಗಡಿಗೆಪ್ಪ ಕಾಕಾ ಅಲ್ಲಿಂದಲೇ ಸರಳು ಊರಲು ಶುರು ಮಾಡುತ್ತಿದ್ದ.

ಮುದುಕಪ್ಪನ ಇನ್ನೊಂದು ಗುರುತು ಅವನ ಗಂಟಲು. ನಟ್ಟು ಬಿಚ್ಚುವ ಪಾನಾ ಕೊಡು ಎಂಬುದನ್ನೂ ಆಚೆ ದಂಡೆಯವರನ್ನು ಕರೆದ ಹಾಗೆ ಒದರುತ್ತಿದ್ದ. ಕಿವಿ ಕೇಳದವರು ಹಾಗೆ ಮಾತಾಡುತ್ತಾರಲ್ಲ, ಅದಕ್ಕೇ ರಸ್ತೆಗೆಲ್ಲ ಅವನು ಕಿವುಡ ಮುದುಕಪ್ಪ. ನಾನೂ ಹಾಗೇ ಅನ್ನುತ್ತಿದ್ದೆ. ಗಡಿಗೆಪ್ಪ ಕಾಕಾ ಎಲ್ಲರಿಗಿಂತ ಹೆಚ್ಚು. "ಯಾಕಲೇ ಕಿವುಡಾ, ಇಷ್ಟ್ಯಾಕ ಒದರ್ತಿ, ನನಗೇನು ಕೇಳ್ಸಂಗಿಲ್ಲೇನು?" ಎನ್ನುತ್ತಿದ್ದ. ಗಿರಾಕಿಗಳು ನಗುತ್ತಿದ್ದರು. ಮುದುಕಪ್ಪನೂ ನಗುತ್ತಿದ್ದ.

ಹೋದ ಶ್ರಾವಣದಲ್ಲಿ ಮುದುಕಪ್ಪನಿಗೆ ಎದೆನೋವು ಬಂತು. ದವಾಖಾನೆಗೆ ಹಾಕಿದ ಎರಡನೇ ದಿನಕ್ಕೆ ತೀರಿಕೊಂಡ.

ಅವನು ಹೋದ ಮೇಲೆ ಕಾಕಾನ ಕೈ ಕೆಟ್ಟಿತು. ಒಂದರ ಹಿಂದೊಂದು ಮೂರು ಗಾಡಿ ತಿರುಗಿ ಬಂದವು. ಒಂದಕ್ಕೆ ಸರಿಯಿದ್ದ ಪಂಪನ್ನೇ ಬಿಚ್ಚಿದ್ದ, ಇನ್ನೊಂದಕ್ಕೆ ಬೇರಿಂಗಿನ ಕಿರುಗುಡುವಿಕೆ ಬಿಟ್ಟು ಬೆಲ್ಟು ಬದಲಿಸಿದ್ದ. "ಮುದುಕ್ಯಾ ಹೋದಾಗಿಂದ ಮನಸ ನಿಲ್ಲವಲ್ದು ವಿಜೀ" ಎಂದು ನನ್ನೆದುರು ಹೇಳಿಕೊಂಡ. ನನಗೂ ಅದು ದುಃಖ ಎಂದೇ ಅನ್ನಿಸಿತ್ತು. ಆದರೆ ಡ್ರೈವರುಗಳು ದುಃಖಕ್ಕೆ ಕಾಯುತ್ತಾರೆಯೇ? ಉಸ್ತಾದನ ಕಾಲ ಮುಗಿಯಿತು ಎಂದು ಆಡಿಕೊಳ್ಳತೊಡಗಿದರು. ಶೆಡ್ಡಿನ ಮುಂದೆ ಸಾಲು ನಿಲ್ಲುತ್ತಿದ್ದ ಲಾರಿಗಳು ಎರಡು ಫರ್ಲಾಂಗು ಮುಂದೆ, ಕಂಪ್ಯೂಟರು ಹಚ್ಚಿ ನೋಡುವವನ ಹತ್ತಿರ ಹೋಗಿ ನಿಂತವು. ಇನ್ನೊಂದು ಗಾಡಿ ಹೀಗೆ ಕೈಕೊಟ್ಟರೆ ಶೆಡ್ಡಿನ ಬಾಗಿಲು ಎಳೆಯುವುದೇ ಎಂದು ಕಾಕಾ ಒಂದು ದಿನ ಅಂದಾಗ ನಾನು ಬೈದು ಸುಮ್ಮನಾಗಿಸಿದೆ.

ಅದೇ ವಾರ ದೇವದುರ್ಗದ ಅಮರೇಶ ತನ್ನ ಲಾರಿ ತಂದ. ಅದೊಂದು ಮೈ ತಿದ್ದಿಸಿಕೊಂಡ ಗಾಡಿ. ಭತ್ತದ ಚೀಲ ಹೆಚ್ಚು ಹಿಡಿಯಲೆಂದು ಪಕ್ಕದ ಹಲಗೆ ಎತ್ತರಿಸಿದ್ದ, ಭಾರ ತಡೆಯಲೆಂದು ಸ್ಪ್ರಿಂಗಿನ ಪಟ್ಟಾ ಏರಿಸಿದ್ದ. ಸಾಲದ್ದಕ್ಕೆ ಹೈದರಾಬಾದಿನಿಂದ ತಂದ ಪವರ್ ಬಾಕ್ಸ್ ಎಂಬ ಕರಿ ಡಬ್ಬಿಯನ್ನು ಇಂಜಿನ್ನಿನ ವೈರಿಗೆ ಸೇರಿಸಿದ್ದ. ಆ ಡಬ್ಬಿಯ ಕೆಲಸವೇ ಸುಳ್ಳು ಹೇಳುವುದು. ಡೀಸೆಲ್ಲಿನ ಒತ್ತಡ ಕಡಿಮೆ ಇದೆ ಎಂದು ಗಾಡಿಯ ಕಂಪ್ಯೂಟರಿಗೆ ಹೇಳುತ್ತದೆ, ಅದು ನಂಬಿ ಇನ್ನಷ್ಟು ಡೀಸೆಲ್ ನುಗ್ಗಿಸುತ್ತದೆ. ಗಾಡಿ ಎರಡು ವರ್ಷ ಕುದುರೆಯಂತೆ ಓಡಿತು. ಆಮೇಲೆ ಕಾಯಿಲೆ ಶುರುವಾಯಿತು: ಇಂಜಿನ್ನು ಕಾಯುವುದು, ಹಿಂದೆ ಬರುವವರ ಮುಖಕ್ಕೆ ಮಸಿ ಬಳಿಯುವಂಥ ಹೊಗೆ. ಹೆದರಿದ ಅಮರೇಶ ಡಬ್ಬಿಯನ್ನು ಕಿತ್ತು ಹಾಕಿದ. ಹೊಗೆ ನಿಂತಿತು, ಆದರೆ ಶಕ್ತಿಯೂ ಹೋಯಿತು. ಲೋಡು ಹಾಕಿದರೆ ಏರಿನಲ್ಲಿ ಇಪ್ಪತ್ತರ ಮೇಲೆ ಮುಳ್ಳು ಏಳುತ್ತಿರಲಿಲ್ಲ.

"ಡಬ್ಬಿ ತಗದ ಮ್ಯಾಲ ಇದರ ಜೀವಾನೇ ಹೋಗ್ಯದ ನೋಡ್ರಿ ಉಸ್ತಾದ್ರ. ಮತ್ತ ಹಾಕಿಬಿಡಲೇನ್ರಿ?" ಎಂದು ಅಮರೇಶ ಕೇಳಿದ.

"ಕಂಪನಿಯವರು ಡಬ್ಬಿ ಇಲ್ಲದs ಗಾಡಿ ಓಡಿಸ್ಯಾರ. ಬಿಡು, ನೋಡೂಣು" ಎಂದ ಕಾಕಾ.

ನಾಲ್ಕು ದಿನ ಆ ಗಾಡಿಯ ಬೆನ್ನು ಹತ್ತಿದ. ಡೀಸೆಲ್ ಫಿಲ್ಟರು, ಗಾಳಿ ಫಿಲ್ಟರು ಬದಲಿಸಿದ. ಡಬ್ಬಿ ಸೇರಿಸುವಾಗ ಕತ್ತರಿಸಿದ್ದ ವೈರುಗಳನ್ನು ಬಿಚ್ಚಿ ಹೊಸದಾಗಿ ಬೆಸೆದ. ಟ್ಯಾಂಕು ತೊಳೆಸಿದ. ಇಂಜೆಕ್ಟರುಗಳನ್ನು ಪರೀಕ್ಷೆಗೆ ಕಳಿಸಿದರೆ ಆರೂ ಸರಿಯಿವೆ ಎಂದು ಬಂತು. ಸರಳು ಊರಿ ಊರಿ ಕಿವಿಯ ಮೇಲೆ ಕೆಂಪು ಗುರುತು ಬಿದ್ದಿತ್ತು. ಕಂಪ್ಯೂಟರಿನವನನ್ನು ಒಂದು ಸಲ ಕರೆಸು ಎಂದರೆ ನನ್ನನ್ನೇ ಗುರಾಯಿಸಿದ. ಆ ನಾಲ್ಕು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವನಿಗೆ ಗಾಡಿಯದಲ್ಲ, ತನ್ನದೇ ಭಯ ಹತ್ತಿತ್ತು.

ಐದನೇ ದಿನ ಅಮರೇಶನಿಗೆ ಮಾನ್ವಿಗೆ ಗೊಬ್ಬರದ ಚೀಲ ಒಯ್ಯುವ ಲೋಡು ಸಿಕ್ಕಿತು. ಲೋಡಿನ ಮೇಲೆ ಓಡಿಸಿಯೇ ನೋಡೋಣ ಎಂದು ಕಾಕಾ ಹೊರಟ. ಮುದುಕಪ್ಪನ ಬಟ್ಟೆಯ ಚೀಲ, ಕನ್ನಡಕ, ಹಾಸಿಗೆ ಇನ್ನೂ ಶೆಡ್ಡಿನಲ್ಲೇ ಇದ್ದವು. ಅವನ್ನು ಅವನ ಹೆಂಡತಿ ಗೋಪಮ್ಮನಿಗೆ ಮುಟ್ಟಿಸಬೇಕಿತ್ತು. ಹೆಣ್ಣುಮಗಳ ಎದುರು ಒಬ್ಬನೇ ಏನು ಮಾತಾಡಲಿ, ನೀನೂ ಬಾ ಎಂದ. ಅಂಗಡಿಗೆ ಬೀಗ ಹಾಕಿ ನಾನೂ ಲಾರಿ ಹತ್ತಿದೆ.

ದಾರಿಯ ಮೇಲಿನ ಕಲ್ಮಲ ಊರು ಇನ್ನೂ ಬಂದಿರಲಿಲ್ಲ. ಸಣ್ಣದೊಂದು ಏರು. ಅಮರೇಶ ಆಕ್ಸಿಲೇಟರು ಒತ್ತಿದ ಕೂಡಲೇ ಕಾಲ ಬುಡದಲ್ಲಿ ಎಲ್ಲೋ ಗಾಳಿ ಸೋರುವ ಸದ್ದು ಕೇಳಿತು. ಕುಕ್ಕರು ಕೂಗುವ ಮೊದಲು ಸುಯ್ಯೆನ್ನುತ್ತದಲ್ಲ, ಹಾಗೆ. ಕಾಲು ತೆಗೆದರೆ ನಿಲ್ಲುತ್ತಿತ್ತು, ಒತ್ತಿದರೆ ಮತ್ತೆ.

"ಕಾಕಾ, ಅದೇನದು ಸುಯ್ ಅನ್ನಾಕತ್ತದಲ್ಲ?" ಎಂದೆ.

"ಎಲ್ಲಿ?"

"ಇಲ್ಲೇ, ಕೆಳಗ. ನೋಡು, ಈಗ ಮತ್ತ ಬಂತು."

ಕಾಕಾ ತಲೆ ಬಗ್ಗಿಸಿದ. ಕಣ್ಣು ಮುಚ್ಚಿದ. ಮತ್ತೆ ತೆರೆದು ಅಮರೇಶನ ಮುಖ ನೋಡಿದ. "ನಿನಗ ಕೇಳ್ಸಾಕತ್ತದೇನೋ?"

ಅಮರೇಶ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ: "ಡಬ್ಬಿ ಇದ್ದಾಗಿಂದs ಬರಾಕತ್ತದ್ರಿ. ಅಷ್ಟ ದೊಡ್ಡ ಸಪ್ಪಳ ನಿಮ್ಮ ಕಿವೀಗೆ ಬಿದ್ದಿರದs ಇರತದೇನು? ಕೇಳಿದ್ರೂ ಅದು ಲೆಕ್ಕಕ್ಕಿಲ್ಲ ಅಂತ ಬಿಟ್ಟೀರಿ ಅಂದ್ಕೊಂಡೆ. ಉಸ್ತಾದ್ರಿಗೆ ನಾ ಏನ ಹೇಳೋದು ಅಂತ ಸುಮ್ನಾದೆ."

ಗಾಡಿ ಪಕ್ಕಕ್ಕೆ ನಿಂತಿತು. ಅಮರೇಶ ರೇಸು ಕೊಡುತ್ತಿದ್ದ, ನಾನು ಬಗ್ಗಿ ಸದ್ದಿನ ಜಾಡು ಹಿಡಿದೆ. ಟರ್ಬೋದಿಂದ ಇಂಜಿನ್ನಿಗೆ ಗಾಳಿ ಒಯ್ಯುವ ದಪ್ಪ ರಬ್ಬರು ಪೈಪು, ಅದರ ಕೆಳಮೈಯಲ್ಲಿ ಕ್ಲಿಪ್ಪಿನ ಪಕ್ಕಕ್ಕೆ ಬೆರಳುದ್ದದ ಸೀಳು. ಡಬ್ಬಿ ಕೊಟ್ಟ ಅತಿ ಒತ್ತಡಕ್ಕೆ ಯಾವತ್ತೋ ಸೀಳಿರಬೇಕು. ಗಾಳಿ ಸೋರಿದರೂ ಡಬ್ಬಿ ಡೀಸೆಲ್ ನುಗ್ಗಿಸಿ ಗಾಡಿಯನ್ನು ಎಳೆಸುತ್ತಿತ್ತು. ಡಬ್ಬಿ ಹೋದ ಮೇಲೆ ಗಾಡಿಯ ನಿಜ ಸ್ಥಿತಿ ಹೊರಬಿತ್ತು. ನಾನು ಕಾಕಾನ ಕೈ ಹಿಡಿದು ಸೀಳಿನ ಮುಂದೆ ಇಟ್ಟೆ. ಅಂಗೈಗೆ ಗಾಳಿ ರಪ್ಪನೆ ಬಡಿಯಿತು. ಅವನು ಅಲ್ಲೇ ಕಿವಿ ತಂದು ಇಟ್ಟ. ಆಮೇಲೆ ಇನ್ನೊಂದು ಕಿವಿ ಇಟ್ಟ.

"ಗುಡುಗುಡು ಅನ್ನೋದು ಕೇಳ್ತದ. ಸುಯ್ ಅನ್ನೋದು ಇಲ್ಲ" ಎಂದ.

ಸೀಳಿದ ತುದಿಯನ್ನು ಕೊಯ್ದು, ಪೈಪು ಎಳೆದು, ಕ್ಲಿಪ್ಪು ಬಿಗಿದ. ಕೈಗಳು ಮಾತ್ರ ಮೊದಲಿನ ಹಾಗೇ ಚುರುಕಾಗಿದ್ದವು. ಗಾಡಿ ತುಂಬಿದ ಲೋಡಿನಲ್ಲೂ ಏರನ್ನು ಸಲೀಸಾಗಿ ಹತ್ತಿತು. "ಗೆದ್ರಿ ಉಸ್ತಾದ್ರ!" ಎಂದು ಅಮರೇಶ ಸ್ಟೇರಿಂಗು ಬಡಿದ. ಕಾಕಾ ಮಾನ್ವಿಯವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದ.

ಅಮರೇಶ ನಮ್ಮನ್ನು ಮುದುಕಪ್ಪನ ಮನೆ ಮುಂದೆ ಬಿಟ್ಟು ಲೋಡು ಇಳಿಸಲು ಹೋದ. ಗೋಪಮ್ಮ ಹೊರಕಟ್ಟೆಯ ಮೇಲೆ ಚಾಪೆ ಹಾಸಿ ಕೂರಿಸಿದಳು. ಸಾಮಾನು ತೆಗೆದುಕೊಂಡು ಸೆರಗಿನಿಂದ ಕನ್ನಡಕ ಒರೆಸಿದಳು. ಬಹಳ ಮೆಲುದನಿಯ ಹೆಂಗಸು. ಏನಾದರೂ ಮಾತಾಡಬೇಕೆಂದು ನನ್ನ ಹಾಳು ಬಾಯಿಂದ ಬಂದದ್ದು ಇದು: "ಪಾಪ, ಮುದುಕಪ್ಪಣ್ಣಗ ಕಿವಿ ಕೇಳ್ತಿರಲಿಲ್ಲ, ಆದ್ರೂ ಎಷ್ಟ ಚಂದ ಕೆಲಸ ಮಾಡ್ತಿದ್ದ."

ಗೋಪಮ್ಮ ತಲೆ ಎತ್ತಿದಳು. "ಯಾರಂದ್ರವ್ವ ಹಂಗ? ಒಳಗ ಬೆಕ್ಕು ಹಾಲಿನ ಚರಿಗಿ ಮುಟ್ಟಿದ್ರ ಹೊರಗ ಮಲಗಿದವರು ಏಳ್ತಿದ್ರು. ಮನ್ಯಾಗ ಒಂದಿನಾನೂ ದನಿ ಏರಿಸಿದವರಲ್ಲ. ಒಮ್ಮೆ ರಾಯಚೂರಿಗೆ ಬಂದಾಗ ಅವರು ಒದರೋದು ಕೇಳಿ ಗಾಬರಿ ಆದೆ. ಯಾಕ್ರಿ ಹಿಂಗ ಅಂದೆ. 'ಗಡಿಗೆಪ್ಪನ ಕಿವಿ ಹೊಂಟಾವ, ಅವನ ಅನ್ನಾನೇ ಕಿವ್ಯಾಗ ಅದ. ಮಂದಿ ನನಗs ಕಿವುಡ ಅನ್ನಲಿ ಬಿಡು, ನನ್ನ ಕಿವಿ ನೋಡಿ ಯಾರೂ ಕೆಲಸ ಕೊಟ್ಟಿಲ್ಲ' ಅಂದ್ರು. ಕೆಟ್ಟಿದ್ದ ಕಡೆ ವಿಭೂತಿ ಹಚ್ಚಿ ಇಡ್ತಿದ್ರಂತ, ಈ ಅಣ್ಣಗ ತಿಳೀಲಿ ಅಂತ. ಎಂಟ ವರ್ಷ ಆಯ್ತೇನೋ."

ಎಂಟು ವರ್ಷ ಆ ಮನುಷ್ಯನನ್ನು ಮುಖದೆದುರೇ ಕಿವುಡ ಎಂದವಳು ನಾನು.

ಪಕ್ಕದಲ್ಲಿ ಕೂತ ಕಾಕಾ ನಮ್ಮಿಬ್ಬರ ಮುಖಗಳನ್ನು ನೋಡುತ್ತಿದ್ದ. "ಏನಂದ್ಳು ವಿಜೀ?"

ಸುಳ್ಳು ಹೇಳಬಹುದಿತ್ತು. ಆದರೆ ಕಲ್ಮಲದ ರಸ್ತೆಯಲ್ಲಿ ಅವನ ಮುಖ ನೋಡಿದ್ದೆ; ಇನ್ನು ಮುಚ್ಚಿಡುವುದು ಅವನಿಗೆ ಮಾಡುವ ಅವಮಾನ ಅನ್ನಿಸಿತು. ಗಂಟಲು ಏರಿಸಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದೆ. ಓಣಿಯಲ್ಲಿ ಹೋಗುವವರು ನಿಂತು ನೋಡಿದರು. ಕಾಕಾ ಪೂರ್ತಿ ಕೇಳಿಸಿಕೊಂಡ. ನಾನು ಸಿಟ್ಟು ನಿರೀಕ್ಷಿಸಿದ್ದೆ, ಅಳು ನಿರೀಕ್ಷಿಸಿದ್ದೆ. ಅವನು ಗೋಪಮ್ಮನ ಕಡೆ ಸರಿದು ಕೂತ.

"ತಂಗೀ, ದವಾಖಾನ್ಯಾಗ ಕಡೀ ದಿನ ನೀ ಔಷಧಿ ತರಾಕ ಹೋಗಿದ್ದಿ. ಅಂವ ನನ್ನ ಕೈ ಹಿಡಕೊಂಡು ಏನೋ ಹೇಳಿದ. ಒದರಾಕ ಅವನಿಗೆ ಶಕ್ತಿ ಎಲ್ಲಿತ್ತು? ತುಟಿ ಅಷ್ಟs ಅಲ್ಲಾಡಿದ್ವು. ಪಾಪ, ದನಿ ಬಿದ್ದದ ಅಂದ್ಕೊಂಡು ಹೂಂ ಅಂದೆ. ಮತ್ತೊಮ್ಮೆ ಅದನ್ನs ಅಂದ. ಮತ್ತ ಹೂಂ ಅಂದೆ. ಆಗ ಸಮಾಧಾನ ಆದಂಗ ಕೈ ಬಿಟ್ಟ." ಕಾಕಾ ತನ್ನ ಅಂಗೈ ತಿರುಗಿಸಿ ನೋಡಿಕೊಂಡ. "ನಿನಗೇನರ ಹೇಳಿದ್ನೇನು? ನಾ ಏನಕ್ಕ ಹೂಂ ಅಂದೆ, ತಂಗೀ?"

ಗೋಪಮ್ಮ ಕನ್ನಡಕದ ಕಡೆ ಕಣ್ಣು ಇಳಿಸಿ ತನ್ನ ಮೆಲುದನಿಯಲ್ಲಿ ಏನೋ ಹೇಳಿದಳು. ಕಾಕಾ ನನ್ನ ಕಡೆ ತಿರುಗಿದ.

ನಾನು ಅವನ ಕಿವಿಯ ಹತ್ತಿರ ಬಾಯಿ ಒಯ್ದು ಗಟ್ಟಿಯಾಗಿ ಹೇಳಿದೆ: "ಆಕಿ ಬರೋದ್ರಾಗ ಅವನ ಮಾತು ನಿಂತಿತ್ತಂತ, ಕಾಕಾ! ಆಕೀಗೂ ಗೊತ್ತಿಲ್ಲಂತ!"